ತಡವಾಗಿ ಹೂಬಿಡುವವಳು

ಎಲ್ ಓಕೊತಾಲ್, ಗೆರೆರೊ ಬೆಟ್ಟ
5 ಫೆಬ್ರವರಿ 1978

ಹಸಿಂತಾ,

ಈ ಕಾಗದದ ಜೊತೆ ಎರಡು ಗೋಣಿಚೀಲ ಬರುತ್ತಿವೆ. ಮೇಲೆ ಒಂದಿಷ್ಟು ಪುದೀನ, ಕೆಳಗೆ ನಮ್ಮ ಸೊಪ್ಪು. ಬಸ್ ಡ್ರೈವರ್ ಮೆಲಿತೋನನಿಗೆ ಚೀಲದಲ್ಲಿ ಏನಿದೆಯೆಂದು ಗೊತ್ತು, ಓದುವುದು ಮಾತ್ರ ಗೊತ್ತಿಲ್ಲ. ಅದಕ್ಕೇ ಕಾಗದವನ್ನೂ ಅವನ ಕೈಗೇ ಕೊಡುತ್ತೇನೆ. ಅಂಚೆಯವನಿಗೆ ಓದಲು ಬರುತ್ತದೆ, ಹೆಂಡತಿಗೂ ಓದಿ ಹೇಳುತ್ತಾನೆ.

ಈ ಸಲ ಗಾಂಜಾ ಚೆನ್ನಾಗಿ ಬಂದಿದೆ. ಅಟ್ಟದಲ್ಲಿ ಗಾಳಿಗೆ ನಿಧಾನವಾಗಿ ಒಣಗಿ ಹಳೆಯ ಹಗ್ಗದ ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಕೆಂಪು ಎಳೆ. ಚೀಲ ಬಿಚ್ಚಿದರೆ ಮೊದಲು ಹುಳಿ ಕಿತ್ತಳೆಯ ಸಿಪ್ಪೆ ವಾಸನೆ, ಆಮೇಲೆ ಇಗರ್ಜಿಯ ಧೂಪ. ಧೂಪ ಬರದಿದ್ದರೆ ಅದು ನಮ್ಮದಲ್ಲ ಎನ್ನುತ್ತಿದ್ದ ಅಪ್ಪ. ನೆನಪಿದೆಯಲ್ಲ, ಸಂಜೆ ಹೊಲದಿಂದ ಬಂದು ಒಂದೇ ದಮ್ಮು ಎಳೆದು ಮೆಕ್ಕೆಜೋಳದ ಜೊತೆ ಮಾತಿಗೆ ಕೂರುತ್ತಿದ್ದ.

ಮೊನ್ನೆ ಕಂದೆಲಾರಿಯಾ ಹಬ್ಬಕ್ಕೆ ಬೀಜದ ಬುಟ್ಟಿ ಹೊತ್ತು ಆಶೀರ್ವಾದ ಮಾಡಿಸಿಕೊಂಡು ಬಂದೆ. ಮೇಲೆ ಜೋಳ, ಹುರುಳಿ, ಕೆಳಗೆ ಬಟ್ಟೆಯ ಅಡಿ ಗಾಂಜಾ ಬೀಜ. ಪಾದ್ರಿಗಳು ಎಂದಿನಂತೆ ನನ್ನ ಮುಖ ನೋಡದೆ ನೀರು ಚಿಮುಕಿಸಿ, "ಕೆಳಗೆ ಕೂತಿರೋರಿಗೂ ತಾಗ್ಲಿ" ಅಂದರು.

ಒಂದು ಮಾತು. ನೀನು ಸೊಪ್ಪು ಬಿಡಿಸುವಾಗ ಉದುರುವ ಬೀಜವನ್ನು ಚೆಲ್ಲಬೇಡ. ಒಂದು ಡಬ್ಬದಲ್ಲಿ ಹಾಕಿಡು. ಅಪ್ಪ ಬಿಟ್ಟುಹೋದ ತಳಿ ಅದು, ನಿನಗೂ ಅರ್ಧ ಪಾಲಿದೆ.

ನಿನ್ನ ಅಕ್ಕ
ಎಲುತೇರಿಯಾ


ಮೆಕ್ಸಿಕೊ ನಗರ
3 ಮಾರ್ಚ್ 1978

ಅಕ್ಕಾ,

ಚೀಲ ತಲುಪಿತು. ಸೊಪ್ಪಿಗಿಂತ ಬೀಜವೇ ಹೆಚ್ಚು ತಲುಪಿತು! ಆರಿಸಿ ಆರಿಸಿ ನನ್ನ ಉಗುರೆಲ್ಲ ಕಪ್ಪಾಗಿವೆ. ಮಾರುಕಟ್ಟೆಯಲ್ಲಿ ನನ್ನ ಗಿಡಮೂಲಿಕೆ ಅಂಗಡಿಯ ಎದುರಿಗಿರುವ ಮೆಣಸಿನಕಾಯಿಯವಳು, "ಏನೇ ಹಸಿಂತಾ, ಸೊಪ್ಪು ಮಾರ್ತೀಯೋ ಕಾಳು ಮಾರ್ತೀಯೋ?" ಎಂದು ಬಾಯ್ತುಂಬ ನಗುತ್ತಾಳೆ. ಬೇರೆ ಬೆಟ್ಟದವರೆಲ್ಲ ಗಂಡು ಗಿಡ ಕಣ್ಣಿಗೆ ಬಿದ್ದ ತಕ್ಷಣ ಕಿತ್ತೆಸೆದು, ಬೀಜವಿಲ್ಲದ ಸೊಪ್ಪು ಕಳಿಸುತ್ತಾರೆ. ನೀನೊಬ್ಬಳು ಗಂಡುಗಳನ್ನು ಮನೆಅಳಿಯಂದಿರ ಹಾಗೆ ಸಾಕುತ್ತೀಯ.

ಆದರೂ ನಿಜ ಹೇಳಬೇಕಲ್ಲ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಮಂಡಿಗೆ ತಿಕ್ಕಿಕೊಳ್ಳುವ ಮುದುಕಿಯರೆಲ್ಲ ನಿನ್ನ ಸೊಪ್ಪಿನ ಸೀಸೆಯನ್ನೇ ಕೇಳುತ್ತಾರೆ. ಪಕ್ಕದಲ್ಲಿ ಹಕ್ಕಿ ಮಾರುವ ದೋನ್ ಫಿಲೆಮೋನ್ ಇದ್ದಾನಲ್ಲ, ಅವನ ಹೆಂಡತಿ ಕ್ಲೋತಿಲ್ದೆ ತಿಂಗಳು ತಪ್ಪದೆ ಒಂದು ಸೀಸೆ ಒಯ್ಯುತ್ತಾಳೆ.

ಈಗ ಮುಖ್ಯ ವಿಷಯ. ನಿಮ್ಮೂರಿಗೆ ಸೊಪ್ಪು ಕೊಳ್ಳಲು ಬರುವ ಬೂಟಿನ ದೋನ್ ಬೌದೆಲಿಯೊ ಅಂಗಡಿಗೆ ಬಂದಿದ್ದ. ಸಮುದ್ರದಾಚೆಯಿಂದ ಹೊಸ ಬೀಜ ತರಿಸಿದ್ದಾನಂತೆ. ಮೋಟು ಗಿಡ, ಅಗಲ ಎಲೆ, ಅಕ್ಟೋಬರಿಗೇ ಕೊಯ್ಲು. "ಸರ್ಕಾರದ ಹೆಲಿಕಾಪ್ಟರ್ ಗಾಂಜಾಕ್ಕೆ ವಿಷ ಹೊಡಿಯೋಕೆ ಬರೋದು ಮಳೆ ನಿಂತ ಮೇಲೆ. ಅಷ್ಟೊತ್ತಿಗೆ ಇದು ಮನೆ ಸೇರಿರತ್ತೆ. ನಿಮ್ಮಕ್ಕನ ಗಿಡ ನೋಡಿ, ಜೋಳದ ಮೇಲೆ ತಲೆ ಎತ್ಕೊಂಡು, ಬಾರಯ್ಯಾ ಹೊಡಿ ಅಂತ ಜನವರಿವರೆಗೂ ನಿಂತಿರತ್ತೆ" ಅಂದ. ಅವನ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಒಂದು ಪೊಟ್ಟಣ ಇಟ್ಟಿದ್ದೇನೆ, ಬಿತ್ತು. ನಿನಗೆ ಅರವತ್ತಾಯಿತು, ಒಬ್ಬಳೇ ಇದ್ದೀಯ, ನನಗೆ ಹೆದರಿಕೆಯಾಗುತ್ತದೆ.

ಬೀಜ ಡಬ್ಬದಲ್ಲಿ ಭದ್ರವಾಗಿದೆ. ಬಿಸ್ಕತ್ತಿನ ಡಬ್ಬ, ಮುಚ್ಚಳದ ಮೇಲೆ ಗುಲಾಬಿ ಹೂವಿದೆ.

ಹಸಿಂತಾ


ಎಲ್ ಓಕೊತಾಲ್
25 ಜೂನ್ 1978

ಹಸಿಂತಾ,

ಮಳೆ ಹಿಡಿದಿದೆ, ಬಿತ್ತಿ ಮುಗಿಸಿದೆ. ನಿನ್ನ ಪೊಟ್ಟಣವನ್ನು ಪಕ್ಕದ ಹೊಲದ ತಿಮೊತೆಯೊಗೆ ಕೊಟ್ಟೆ. "ಅತ್ತೆ, ನಿಮಗೆ ಬೇಡ್ವಾ?" ಅಂದ. "ನಂಗೆ ಬೇಡಪ್ಪಾ, ನೀನೂ ಮೋಟು, ಅದೂ ಮೋಟು, ಜೋಡಿ ಚೆನ್ನಾಗಿರತ್ತೆ" ಅಂದೆ. ನಕ್ಕು ತೆಗೆದುಕೊಂಡ.

ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಈ ವರ್ಷ ಹೊಸದನ್ನೇ ಹಾಕಿದ್ದಾರೆ. ಅವುಗಳ ಗಂಡಿನ ಪರಾಗ ಹಾರಿಬಂದು ನಮ್ಮ ತಳಿ ಕೆಡುತ್ತದೆಂದು ಮೊದಲು ಹೊಟ್ಟೆ ಉರಿಯಿತು. ಆಮೇಲೆ ಕೂತು ಯೋಚಿಸಿದೆ. ಅವು ಆಗಸ್ಟಿನಲ್ಲೇ ಹೂಬಿಡುವ ಅವಸರದವು. ಅವುಗಳ ಮದುವೆ, ಬಸಿರು, ಬಾಣಂತನ ಎಲ್ಲ ಮುಗಿಯುವ ಹೊತ್ತಿಗೆ ನಮ್ಮವಳು ಇನ್ನೂ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿರುತ್ತಾಳೆ. ತಡ ಮಾಡುವುದರಲ್ಲಿ ಎಂಥ ಮಾನ ಇದೆ ನೋಡು.

ಗಂಡು ಗಿಡ ಸಾಕುತ್ತೀಯೆಂದು ಆಡಿಕೊಂಡಿದ್ದೀಯ. ಗಂಡಿಲ್ಲದೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಮುಂದಿನ ಮಳೆಗೆ ಬೌದೆಲಿಯೊನ ಬಾಗಿಲಲ್ಲಿ ಸೆರಗೊಡ್ಡಬೇಕು. ಅವನಿಗೆ ಬೇಕಾದದ್ದು ಸೊಪ್ಪಲ್ಲ, ಅದೇ. ಇನ್ನು ಹೆಲಿಕಾಪ್ಟರಿಗೆ ಹೆದರಿ ಗಿಡವನ್ನು ಮೋಟು ಮಾಡಿಕೊಳ್ಳಲೇ? ನಾಳೆ ಅವರು ಬಂದು, ನೀನೂ ಸ್ವಲ್ಪ ಬಗ್ಗಿ ನಡಿ ಎನ್ನುತ್ತಾರೆ. ನಮ್ಮ ಗಿಡ ಇಬ್ಬರು ಗಂಡಸರ ಎತ್ತರ ಬೆಳೆಯುತ್ತದೆ, ಎಲೆ ಬೆರಳಿನಷ್ಟು ಸಪೂರ, ಮಂಜು ಬಂದರೂ ಗಾಳಿ ಬಂದರೂ ನಡುವೆ ದಾರಿ ಬಿಡುತ್ತದೆ. ಈ ಬೆಟ್ಟ ಅದಕ್ಕೆ ಗೊತ್ತು. ಅದನ್ನು ಬಿಟ್ಟು ನಾನು ಬಾಳಲಾರೆ, ಬಾಳುವುದೂ ಇಲ್ಲ.

ಅಕ್ಕ


ಎಲ್ ಓಕೊತಾಲ್
20 ನವೆಂಬರ್ 1978

ಹಸಿಂತಾ,

ಜನವರಿಯಲ್ಲಿ ಚೀಲಕ್ಕೆ ಕಾಯಬೇಡ. ನಮ್ಮ ಹೇಸರಗತ್ತೆ ಬಿಷಪ್ಪನ ಕಾಲು ಕುಂಟಾಗಿದೆ, ಬಸ್ಸಿನವರೆಗೆ ಹೊರುವವರಿಲ್ಲ. ನಾನು ಚೆನ್ನಾಗಿದ್ದೇನೆ. ಮಂಜು ಜಾಸ್ತಿ.

ಆ ಬಿಸ್ಕತ್ತಿನ ಡಬ್ಬ ಎಲ್ಲಿಟ್ಟಿದ್ದೀಯ? ಇಲಿ ಹೋಗದ ಜಾಗ ತಾನೇ?

ಅಕ್ಕ


ಮೆಕ್ಸಿಕೊ ನಗರ
12 ಡಿಸೆಂಬರ್ 1978

ಅಕ್ಕಾ,

ನವೆಂಬರಿನಲ್ಲಿ ಕುಂಟಾದ ಹೇಸರಗತ್ತೆ ಜನವರಿವರೆಗೂ ಕುಂಟುತ್ತದೆಯೇ? ಯಾರ ಕಿವಿಯ ಮೇಲೆ ಹೂವಿಡುತ್ತಿದ್ದೀಯ?

ಯಾರಿಗೆ ಮಾರಿದೆ, ಅಷ್ಟು ಹೇಳು. ಪೊಟ್ಟಣ ಕಳಿಸಿದ್ದಕ್ಕೆ ಮುನಿಸಿಕೊಂಡು ಬೇರೆಯವರಿಗೆ ಕೊಟ್ಟಿದ್ದೀಯ, ಅಲ್ಲವೇ? ಬೌದೆಲಿಯೊನನ್ನು ಕೇಳಿದರೆ, "ನಿಮ್ಮಕ್ಕನ್ನೇ ಕೇಳಮ್ಮಾ, ತಲೆ ಕೆಟ್ಟಿದೆ ಅವರಿಗೆ" ಎಂದು ನಕ್ಕು ಹೋದ. ಇಲ್ಲಿ ನನ್ನ ಮುದುಕಿಯರು ದಿನಾ ಬಂದು ಖಾಲಿ ಸೀಸೆ ಬಡಿಯುತ್ತಾರೆ. ಕ್ಲೋತಿಲ್ದೆಯಂತೂ ಕೊಳ್ಳುವುದನ್ನೇ ನಿಲ್ಲಿಸಿದ್ದಾಳೆ. ಮಂಡಿ ವಾಸಿಯಾಯಿತಂತೆ, ಮೂರು ಮಹಡಿಯ ಮೆಟ್ಟಿಲು ಹುಡುಗಿಯ ಹಾಗೆ ಹತ್ತುತ್ತಾಳೆ. ಜಿಪುಣಿ, ಎಲ್ಲೋ ಅಗ್ಗದ್ದು ಸಿಕ್ಕಿರಬೇಕು.

ನಾನು ನಿನ್ನ ಒಡಹುಟ್ಟಿದವಳು. ಸೊಪ್ಪು ಕೊಡದಿದ್ದರೆ ಬೇಡ, ಹೇಸರಗತ್ತೆಯ ಕಥೆ ಕಟ್ಟಬೇಡ.

ಹಸಿಂತಾ


ಎಲ್ ಓಕೊತಾಲ್
8 ಜನವರಿ 1979

ಹಸಿಂತಾ,

ಬಿಷಪ್ಪನ ಕಾಲು ಚೆನ್ನಾಗಿದೆ. ಕೂತು ಓದು.

ನವೆಂಬರ್ ಎರಡರ ಸತ್ತವರ ಹಬ್ಬದ ದಿನ ಊರೆಲ್ಲ ಸ್ಮಶಾನದಲ್ಲಿದ್ದೆವು. ಅಪ್ಪನ ಸಮಾಧಿಗೆ ಚೆಂಡುಹೂ ಹಾಸಿ, ಅವನಿಗೆ ಇಷ್ಟದ ತಮಾಲೆ ಕಡುಬು ಇಟ್ಟು, ಒಂದು ಬೀಡಿ ಸುತ್ತಿ ಹಚ್ಚಿಟ್ಟಿದ್ದೆ. ಹೆಲಿಕಾಪ್ಟರ್ ತಲೆಯ ಮೇಲೇ ಬಂತು. ಅದರ ಗಾಳಿಗೆ ಮೇಣದಬತ್ತಿಗಳೆಲ್ಲ ಆರಿದವು, ಚೆಂಡುಹೂ ಹಾರಿ ಹೆಂಗಸರ ಮುಖಕ್ಕೆ ಬಡಿದವು. ನೇರ ನಮ್ಮ ಇಳಿಜಾರಿಗೆ ಹೋಗಿ ವಿಷ ಸುರಿಯಿತು. ನಾನು ಓಡಿ ಹತ್ತುವಷ್ಟರಲ್ಲಿ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೂ ಬಿರಿದು ಆಗಷ್ಟೇ ಬೀಜ ಕಟ್ಟಲು ಶುರುವಾಗಿತ್ತು.

ಸಂಜೆಗೆ ಬೌದೆಲಿಯೊ ಹಾಜರಾದ. "ಈಗ್ಲೇ ಕುಯ್ದು ಕಟ್ಟಿಬಿಡಿ ದೋನ್ಯಾ, ಎಲೆ ಹಳದಿ ಆಗೋಕ್ಮುಂಚೆ ಒಣಗಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಬೆಲೆ ನಾನು ಕೊಡ್ತೀನಿ. ಸೇದೋರು ಯಾರೋ ಪರದೇಶದೋರು, ನಿಮಗೇನು?" ಅಂದ. "ನನ್ನ ತಂಗಿ ಅಂಗಡೀಲಿ ಮುದುಕೀರು ಮೈಗೆ ತಿಕ್ಕೋತಾರೆ ಇದನ್ನ. ನಿಮ್ಮಮ್ಮನ ಮಂಡಿಗೆ ತಿಕ್ತೀಯೇನೋ?" ಅಂದೆ. ಒಂದು ಎಲೆಯನ್ನೂ ಬಿಡದೆ ಎಲ್ಲವನ್ನೂ ಕಿತ್ತು ಹೊಂಡ ತೋಡಿ ಹೂಳಿದೆ. ಮಗುವನ್ನು ಹೂಳಿದ ಹಾಗೆ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಮಾರನೆಯ ದಿನ ಸಿಪಾಯಿಗಳು ಮನೆಗೆ ಬಂದರು. ಒಲೆಯ ಮೇಲೆ ಹೊಗೆಯಲ್ಲಿ ತೂಗುವ ಸೋರೆಬುರುಡೆ ಗೊತ್ತಲ್ಲ, ಒಬ್ಬ ಅದನ್ನು ಅಲ್ಲಾಡಿಸಿ, "ಇದೇನಜ್ಜಿ?" ಅಂದ. "ಬೀಜ" ಅಂದೆ. ನಿಜ ಹೇಳಿದ್ದೇ ತಪ್ಪಾಯಿತು. ಇದ್ದಬದ್ದದ್ದನ್ನೆಲ್ಲ ಒಲೆಗೆ ಸುರಿದ. ಚಟಪಟ ಸಿಡಿದವು. ಅವನಿಗೆ ನಗು ಬಂತು.

ತಿಮೊತೆಯೊನ ಸಂಗತಿಯನ್ನೂ ಹೇಳಬೇಕು. ಮೋಟು ಗಿಡದ ದಪ್ಪ ಹೂವಿನೊಳಗೆ ಮಂಜು ಹೊಕ್ಕು ಅರ್ಧ ಬೂಸ್ಟು ಹಿಡಿಯಿತು. ಉಳಿದರ್ಧವನ್ನು ಹೆಲಿಕಾಪ್ಟರ್ ಬರುವ ಮೊದಲೇ ಮಾರಿ ಮಕ್ಕಳಿಗೆ ಚಪ್ಪಲಿ ತಂದ. ಬೌದೆಲಿಯೊ ಹೇಳಿದ್ದು ಪೂರ್ತಿ ಸುಳ್ಳಲ್ಲ.

ನೀನು ಹೆದರುತ್ತೀಯೆಂದು ಇದನ್ನೆಲ್ಲ ಬರೆದಿರಲಿಲ್ಲ. ಈಗ ಲೋಕದಲ್ಲಿ ನಮ್ಮ ತಳಿ ಉಳಿದಿರುವುದು ನಿನ್ನ ಗುಲಾಬಿ ಹೂವಿನ ಡಬ್ಬದಲ್ಲಿ ಮಾತ್ರ. ಮಳೆಗೆ ಮುಂಚೆ ಕಳಿಸು. ಇಳಿಜಾರನ್ನು ಬೇರೇನೂ ಬಿತ್ತದೆ ಖಾಲಿ ಬಿಟ್ಟಿರುತ್ತೇನೆ.

ಅಕ್ಕ


ಮೆಕ್ಸಿಕೊ ನಗರ
2 ಫೆಬ್ರವರಿ 1979

ಅಕ್ಕಾ,

ಡಬ್ಬ ಭದ್ರವಾಗಿದೆ. ಕಳಿಸುತ್ತೇನೆ. ಈಗ ಅಂಗಡಿಯಲ್ಲಿ ಕೆಲಸ ಬಹಳ, ಹೆಚ್ಚು ಬರೆಯಲು ಆಗುತ್ತಿಲ್ಲ. ಡಿಸೆಂಬರಿನ ಕಾಗದವನ್ನು ಹರಿದು ಒಲೆಗೆ ಹಾಕು.

ಹಸಿಂತಾ


ಎಲ್ ಓಕೊತಾಲ್
29 ಏಪ್ರಿಲ್ 1979

ಹಸಿಂತಾ,

ಮೆಲಿತೋನ್ ವಾರವಾರವೂ ಬರಿಗೈಯಲ್ಲಿ ಬಂದು ತಲೆ ಅಲ್ಲಾಡಿಸುತ್ತಾನೆ. ಸಂಜೆ ಹೊತ್ತು ಮೋಡ ಕಟ್ಟುತ್ತಿದೆ. ಬೌದೆಲಿಯೊ ಎರಡು ಸಲ ಬಂದು ಖಾಲಿ ಇಳಿಜಾರು ನೋಡಿಕೊಂಡು ಹೋದ. "ಬೀಜ ಬೇಕಾದ್ರೆ ಹೇಳಿ, ಪುಕ್ಕಟೆ ಕೊಡ್ತೀನಿ" ಅನ್ನುತ್ತಾನೆ.

ಡಬ್ಬ ಎಲ್ಲಿ?

ಅಕ್ಕ


ಮೆಕ್ಸಿಕೊ ನಗರ
11 ಮೇ 1979

ಅಕ್ಕಾ,

ಡಬ್ಬ ಇಲ್ಲ. ಯಾವತ್ತೂ ಇರಲಿಲ್ಲ. ಗುಲಾಬಿ ಹೂವೂ ಇಲ್ಲ. ಬಯ್ಯುವುದಿದ್ದರೆ ಬಯ್ಯಿ, ಆದರೆ ಕೊನೆಯವರೆಗೂ ಓದಿ ಬಯ್ಯಿ.

ಆರಿಸಿದ ಬೀಜವನ್ನೆಲ್ಲ ವರ್ಷವರ್ಷವೂ ಫಿಲೆಮೋನನ ಹಕ್ಕಿಗಳಿಗೆ ಸುರಿಯುತ್ತಿದ್ದೆ. ಅದನ್ನು ತಿಂದ ಹಕ್ಕಿ ಬೆಳಗಿನಿಂದ ಬೈಗಿನವರೆಗೆ ಹಾಡುತ್ತದೆ, ಬೇಗ ಮಾರಾಟವಾಗುತ್ತದೆ ಎಂದು ಅವನೇ ಕೇಳಿ ಒಯ್ಯುತ್ತಿದ್ದ. ನಿನ್ನ ಜನವರಿಯ ಕಾಗದ ಓದಿದ ದಿನ ಅವನ ಕಾಳಿನ ತಗಡಿನ ಡಬ್ಬವನ್ನು ನೆಲಕ್ಕೆ ಸುರಿದು ಜರಡಿ ಹಿಡಿದೆ. ನವಣೆಯಂಥ ಸಣ್ಣ ಕಾಳು ಬಿಟ್ಟರೆ ಏನೂ ಇಲ್ಲ. ಆಮೇಲೆ ಮಾರುಕಟ್ಟೆಯ ಗಿಡಮೂಲಿಕೆಯವರನ್ನೆಲ್ಲ ಗುಟ್ಟಾಗಿ ಕೇಳುತ್ತಾ ಅಲೆದೆ. ಒಂದೋ ಬೀಜವಿಲ್ಲದ ಸೊಪ್ಪು, ಇಲ್ಲವೇ ಮೋಟು ಗಿಡದ್ದು. ಮೂಗಿಗೆ ಹಿಡಿದರೆ ಹಸಿ ಹುಲ್ಲು, ಸೀಮೆಎಣ್ಣೆ. ಧೂಪವೇ ಇಲ್ಲ. ಹೋದಲ್ಲೆಲ್ಲ ಅದೇ. ನನ್ನ ಕೈಯಾರೆ ಅಪ್ಪನನ್ನು ಎರಡನೆಯ ಸಲ ಸಾಯಿಸಿದೆ ಅನ್ನಿಸಿತು. ಅದನ್ನು ನಿನಗೆ ಹೇಗೆ ಬರೆಯಲಿ?

ಏಪ್ರಿಲಿನ ಕಾಗದ ಬಂದ ಮೇಲೆ, ಹಳೆಯ ಚೀಲದ ಮೂಲೆಯಲ್ಲಾದರೂ ನಾಲ್ಕು ಕಾಳು ಸಿಕ್ಕೀತೆಂದು ಫಿಲೆಮೋನನ ಮನೆಗೇ ಹೋದೆ. ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಹುಳಿ ಕಿತ್ತಳೆಯ ವಾಸನೆ ಬಂತು. ನಿಂತೆ. ಹಿಂದೆಯೇ ಧೂಪ. ಅಪ್ಪನೇ ಮೆಟ್ಟಿಲಿಳಿದು ಬಂದಂತಾಗಿ ಉಳಿದದ್ದನ್ನು ಓಡಿ ಹತ್ತಿದೆ. ಬಾಗಿಲು ತಳ್ಳಿದರೆ ಕ್ಲೋತಿಲ್ದೆ ಲಂಗ ಎತ್ತಿಕೊಂಡು ಮಂಡಿಗೆ ಸ್ಪಿರಿಟ್ ತಿಕ್ಕಿಕೊಳ್ಳುತ್ತಿದ್ದಾಳೆ!

"ಎಲ್ಲಿ ತಂದೆ ಇದನ್ನ?"

"ತಂದಿಲ್ಲಮ್ಮಾ, ಬಂತು. ತಾರಸಿ ಮೇಲೆ ಪಂಜರ ಇಡ್ತೀವಲ್ಲ, ಹಕ್ಕಿ ಚೆಲ್ಲಿದ್ದು ಕೆಳಗಿನ ಹೂಗಿಡದ ಡಬ್ಬಗಳಲ್ಲಿ ಮೊಳೀತು. ಕಳೆ ಅಂತ ಕೀಳೋಕೆ ಹೋದೆ, ಎಲೆ ನೋಡಿದ್ರೆ ನಿನ್ನ ಸೀಸೇಲಿರೋದೇ. ಬಟ್ಟೆ ಒಣಹಾಕೋ ತಂತಿಗಿಂತ ಮೇಲೆ ಹೋಯ್ತು ಕಣೇ. ಬೀಳದ ಹಾಗೆ ಟಿವಿ ಕಂಬಕ್ಕೆ ಕಟ್ಟಿದ್ದೆ."

"ಗಂಡು ಗಿಡ ಕಿತ್ತೆಯಾ?"

"ಅದ್ರಲ್ಲಿ ಗಂಡು ಹೆಣ್ಣು ಬೇರೆ ಇದ್ಯಾ?"

ಆ ತಿಳಿಗೇಡಿಯನ್ನು ತಬ್ಬಿಕೊಂಡು ಮುತ್ತಿಟ್ಟೆ ಅಕ್ಕಾ. ಒಣಗಿದ ಹೂಗೊಂಚಲನ್ನೆಲ್ಲ ದಿಂಬಿನ ಚೀಲದಲ್ಲಿ ತುಂಬಿಟ್ಟಿದ್ದಳು. ಅಲ್ಲಾಡಿಸಿದರೆ ಮಳೆ ಬಂದ ಸದ್ದು. ಮೊದಲು ಕೊಡುವುದಿಲ್ಲ ಎಂದಳು. "ಹಕ್ಕಿ ನಂಗೆ ಕೊಟ್ಟಿದ್ದು" ಎಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಆಗ ನಿನ್ನ ಇಳಿಜಾರಿನ ಕಥೆ ಹೇಳಿದೆ. ಒಲೆಯಲ್ಲಿ ಸಿಡಿದದ್ದನ್ನೂ ಹೇಳಿದೆ. ಎದ್ದು, ಹಾಳೆ ಹಾಸಿ ಚೀಲ ಬೋರಲು ಹಾಕಿದಳು. ಒಂದು ಹಿಡಿ ಮಾತ್ರ ತೆಗೆದಿಟ್ಟುಕೊಂಡಳು. "ಇಷ್ಟು ನಂಗಿರ್ಲಿ. ಎದುರಿಗೇ ಪೊಲೀಸ್ ಠಾಣೆ, ಒಬ್ಬನಾದ್ರೂ ತಲೆ ಎತ್ತಿ ನೋಡಲ್ಲ."

ಈ ಕಾಗದದ ಜೊತೆ ಬರುವ ಬಟ್ಟೆಯ ಗಂಟಿನಲ್ಲಿ ಹಳೆಯ ಲಂಗವಿದೆ. ಅಂಚು ಬಿಚ್ಚು, ಸುತ್ತಲೂ ಬೀಜ ತುಂಬಿ ಹೊಲಿದಿದ್ದೇನೆ. ಬೌದೆಲಿಯೊ ನಿನ್ನೆ ಬಂದು ಪುಕ್ಕಟೆ ಬೀಜದ ಮಾತೆತ್ತಿದ. "ನಮ್ಮಕ್ಕನ ಹೊಲಕ್ಕೆ ಬೀಜ ಕೊಡೋಷ್ಟು ದೊಡ್ಡ ಮನುಷ್ಯ ಆದ್ಯಾ? ಎದ್ದು ನಡಿ, ಗಿರಾಕಿಗೆ ಅಡ್ಡ ನಿಂತಿದ್ದೀಯ" ಅಂದೆ. ಮಾರುಕಟ್ಟೆಯೆಲ್ಲ ಕೇಳುವ ಹಾಗೆಯೇ ಅಂದೆ.

ಇನ್ನು ಬಯ್ಯಿ.

ಹಸಿಂತಾ


ಎಲ್ ಓಕೊತಾಲ್
4 ಫೆಬ್ರವರಿ 1980

ಹಸಿಂತಾ,

ಡಬ್ಬ ಇಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಚಿಕ್ಕಂದಿನಲ್ಲಿ ನೀನು ಎಂದಾದರೂ ಏನನ್ನಾದರೂ ಎತ್ತಿಟ್ಟಿದ್ದುಂಟೇ? ಅದರ ಮೇಲೆ ಗುಲಾಬಿ ಹೂ ಬೇರೆ. ಸುಳ್ಳು ಹೇಳುವಾಗ ನೀನು ಯಾವಾಗಲೂ ಹೂ ಸೇರಿಸುತ್ತೀಯ. ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದ ಹಸಿಂತಾ ಎರಡು ಹೇಸರಗತ್ತೆಯ ಕೆಲಸ ಮಾಡುತ್ತಾಳೆ, ಅದೂ ಗೊತ್ತಿತ್ತು. ಅದಕ್ಕೇ ಡಬ್ಬ ಕೇಳುತ್ತಲೇ ಇದ್ದೆ. ಬೇರೆ ದಾರಿಯೂ ನನಗಿರಲಿಲ್ಲ ಕಣೇ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣವಿದೆ. ಕೊಯ್ಲು ಮುಗಿದು ಅಟ್ಟ ಸೇರುವವರೆಗೆ ನಾಲಿಗೆ ಬಿಗಿಹಿಡಿಯುವ ಹರಕೆ ಹೊತ್ತಿದ್ದೆ. ಈಗ ಕೇಳು.

ಲಂಗದ ಅಂಚು ಬಿಚ್ಚಿ ಬೀಜ ಹಾಸಿದಾಗ, ಎಲ್ಲವನ್ನೂ ಆ ಇಳಿಜಾರಿಗೇ ಚೆಲ್ಲಲು ಕೈ ಬರಲಿಲ್ಲ. ಅಪ್ಪ ಒಂದೇ ಬುರುಡೆಯಲ್ಲಿಟ್ಟ, ನಾನೂ ಒಂದೇ ಬುರುಡೆಯಲ್ಲಿಟ್ಟೆ, ಅದಕ್ಕೇ ಒಬ್ಬ ಸಿಪಾಯಿಯ ಒಂದು ಕೈ ಸಾಕಾಯಿತು. ನಿನ್ನ ಹಕ್ಕಿಗಳಿಗೆ ನಮಗಿಂತ ಬುದ್ಧಿ ಇತ್ತು. ಸೆರಗಿನಲ್ಲಿ ಕಟ್ಟಿಕೊಂಡು ಮನೆಮನೆಗೆ ಹೋದೆ, ಒಂದೊಂದು ಚಿಟಿಕೆ. ತಿಮೊತೆಯೊ ಬಾಗಿಲಲ್ಲೇ ತಡೆದ. "ಅತ್ತೆ, ಇದು ಜನವರಿವರೆಗೂ ನಿಲ್ಲತ್ತೆ, ಹೊಡೀತಾರೆ." "ಹೊಡೀಲಿ. ಅವ್ರ ಹತ್ರ ಎಷ್ಟು ಹೆಲಿಕಾಪ್ಟರ್ ಇವೆ, ನಮ್ಮ ಹತ್ರ ಎಷ್ಟು ಬೆಟ್ಟ ಇವೆ, ನೀನೇ ಹೇಳು" ಅಂದೆ. ಅವನ ಹೆಂಡತಿ ಹಿಂದಿನಿಂದ ಕೈ ಚಾಚಿ ತೆಗೆದುಕೊಂಡಳು. "ಬೂಸ್ಟು ಹಿಡಿದಿದ್ದನ್ನ ತೊಳೆದೋಳು ನಾನು" ಎಂದು ಗಂಡನಿಗೆ ಅಂದಳು.

ಹೆಲಿಕಾಪ್ಟರ್ ಬಂತು. ನನ್ನ ಇಳಿಜಾರಿಗೆ ಮತ್ತೆ ಹೊಡೆಯಿತು. ಹೊಡೆಯಲಿ ಎಂದೇ ಅಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಿತ್ತಿದ್ದೆ. ಇಲ್ಲಿ ಮುಗಿಸಿದೆವು ಎಂದು ತಿರುಗಿ ಹೋದರು. ಆಚೆ ಹಳ್ಳದ ಬದಿಯಲ್ಲಿ, ಬಂಡೆಗಳ ಹಿಂದೆ, ಜೋಳದ ನಡುವೆ, ಪೈನ್ ಮರಗಳ ಸಂದಿಯಲ್ಲಿ, ಮನೆಗೆರಡು ಮೂರರಂತೆ ನಮ್ಮವಳು ತಲೆ ಬಾಚುತ್ತಾ ನಿಂತಿದ್ದಳು. ತಿಮೊತೆಯೊ ಜನವರಿಯಲ್ಲಿ ತನ್ನ ಮೊದಲ ಗೊಂಚಲನ್ನು ಮೂಗಿಗೆ ಹಿಡಿದುಕೊಂಡೇ ಓಡಿಬಂದ. "ಅತ್ತೆ, ಧೂಪ ಬಂತು!" ಅಂದ. ಅಪ್ಪನಿಗೂ ಒಂದು ಸುತ್ತಿ ಹಚ್ಚಿಟ್ಟೆವು.

ಮೊನ್ನೆ ಕಂದೆಲಾರಿಯಾಗೆ ಬುಟ್ಟಿ ಹೊತ್ತು ಹೋದೆ. ಈ ಸಲ ಕೆಳಗೆ ಜೋಳ, ಹುರುಳಿ. ಬಟ್ಟೆ ತೆಗೆದುಹಾಕಿ ಗಾಂಜಾ ಬೀಜವನ್ನು ಮೇಲೇ ಹರಡಿದ್ದೆ. ನೋಡಿದರೆ ನನ್ನ ಹಿಂದೆ ನಿಂತ ಹೆಂಗಸರ ಬುಟ್ಟಿಗಳಲ್ಲೂ ಹಾಗೆಯೇ! ಹೇಳಿಕೊಟ್ಟವಳು ನಾನಲ್ಲ, ಆಣೆ. ಪಾದ್ರಿಗಳು ನಿಂತು, ಮೊದಲ ಸಲ ನನ್ನ ಮುಖ ನೋಡಿದರು. "ಏನಮ್ಮಾ, ಮೇಲೆ ಬಂದುಬಿಟ್ಟಿದ್ದಾರೆ?" "ಕೆಳಗೆ ಕೂತೂ ಕೂತೂ ಕಾಲು ಹಿಡಿದಿತ್ತು ಸ್ವಾಮಿ" ಅಂದೆ. ಧಾರಾಳವಾಗಿ ನೀರು ಚಿಮುಕಿಸಿದರು.

ಇಗರ್ಜಿಯ ಬಾಗಿಲಲ್ಲಿ ಸಿಪಾಯಿಗಳು ನಿಂತಿದ್ದರು. ಒಬ್ಬ ಬುಟ್ಟಿಯೊಳಗೆ ಇಣುಕಿದ. "ಇದೇನಜ್ಜಿ?"

ಬುಟ್ಟಿಯನ್ನು ಅವನ ಮುಖಕ್ಕೇ ಹಿಡಿದೆ.

"ಹಕ್ಕಿಗೆ ಹಾಕೋ ಕಾಳಪ್ಪಾ."

ಸುಳ್ಳಲ್ಲವಲ್ಲ. ಹಿಂದಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅದೇ ಮಾತು ಹೇಳಿಕೊಂಡು ಹೊರಗೆ ಬಂದರು.

ಮನೆಮನೆಯಿಂದ ಕೂಡಿಸಿದ ಸೊಪ್ಪಿನ ಚೀಲ ಬಸ್ಸಿನಲ್ಲಿದೆ. ಬೀಜ ತುಂಬಾ ಇದೆ, ಮೆಣಸಿನಕಾಯಿಯವಳು ನಗಲಿ. ಕ್ಲೋತಿಲ್ದೆಗೆ ಒಂದು ಸೀಸೆ ನನ್ನ ಲೆಕ್ಕದಲ್ಲಿ ಕೊಡು. ಆರಿಸಿದ ಬೀಜವನ್ನೆಲ್ಲ ಫಿಲೆಮೋನನ ಹಕ್ಕಿಗಳಿಗೆ ಸುರಿ.

ಡಬ್ಬ ಕೊಳ್ಳಬೇಡ.

ನಿನ್ನ ಅಕ್ಕ
ಎಲುತೇರಿಯಾ